ನರೆಗೂದಲು

ಉಳಿ ಹಿಡಿದ ಸುಯೂನಳ ಕೈ ಅಮ್ಮನ ಮುಖದ ಮೇಲೆ ನಿಂತಿತ್ತು. ಮುಖವೆಂದರೆ, ಅವಳೇ ಕೆತ್ತಿದ ಮರದ ಅಚ್ಚು. "ಮೂವತ್ತು ಪ್ರತಿ ಆಯ್ತಲ್ಲಮ್ಮ, ಅಚ್ಚಿನ ಮೇಲೆ ಉಳಿಯಿಂದ ಅಡ್ಡಗೀಟು ಹಾಕಿಬಿಡು. ಮತ್ತೆ ಯಾರೂ ಈ ಚಿತ್ರ ತೆಗೀಬಾರದು," ಎಂದರು ಮೇಷ್ಟ್ರು. ನ್ಯೂಯಾರ್ಕಿನ ಆ ಚಿತ್ರಕಲಾ ಶಾಲೆಯಲ್ಲಿ ಅದೇ ಪದ್ಧತಿ.

"ತಾಯಿ ಮುಖ ಕಣೇ, ಗೀರಬೇಡ!" ಎಂದು ಪಕ್ಕದಲ್ಲಿದ್ದ ಮೈಸೂರಿನ ಕೌಸಲ್ಯಾ ಪಿಸುಗುಟ್ಟಿದಳು. ಚೀನಾದಿಂದ ಅಮ್ಮನ ಕಾಗದ ಬರುವುದು 1966ರ ಸಾಂಸ್ಕೃತಿಕ ಕ್ರಾಂತಿಯ ಗಲಭೆಯಲ್ಲೇ ನಿಂತಿತ್ತು, ಐದು ವರ್ಷವಾಯಿತು. ಇಲ್ಲಿ ಗೀಟೆಳೆದ ಗಳಿಗೆಗೇ ಅಲ್ಲಿ ಅಮ್ಮನಿಗೆ ಏನಾದರೂ ಆದೀತೆಂದು ಸುಯೂನಳಿಗೆ ಭಯ.

ಮರದಲ್ಲಿ ಕೊರೆದದ್ದೆಲ್ಲ ಹಾಳೆಯ ಮೇಲೆ ಬೆಳ್ಳಗೆ ಬೀಳುತ್ತದೆ. ಅವಳು ಉಳಿಯನ್ನು ಮೆಲ್ಲಗೆ ಅಮ್ಮನ ಕಪ್ಪು ಕೂದಲಿಗೆ ತಂದು, ಒಂದೊಂದೇ ಎಳೆ ಕೊರೆದಳು. ಹಣೆಗೆ ಸುಕ್ಕು ಬಿಡಿಸಿದಳು. ಹಳೆಯ ಚಿತ್ರ ಇನ್ನು ಬರುವಂತಿರಲಿಲ್ಲ. ಮಸಿ ಬಳಿದು ಒತ್ತಿ ತೆಗೆದಳು.

"ಈ ಮುದುಕಿ ಯಾರಮ್ಮ?" ಎಂದರು ಮೇಷ್ಟ್ರು.

"ಅಮ್ಮ, ಸರ್. ಈಗ ಹೀಗಿದ್ದಾಳೆ."