ಕೇಳದೆ ಬಂದದ್ದು

ಬಣ್ಣದ ಸಾಹುಕಾರರ ಕಾರು ಗೇಟಿನ ಮುಂದೆ ನಿಂತದ್ದೇ ತಡ, ಮನೆಯೊಳಗಿನ ನಗು ಪಟ್ಟನೆ ನಿಂತಿತು. ಕಿಟಕಿಯ ಪರದೆ ಚೂರು ಸರಿದು ಮತ್ತೆ ಮುಚ್ಚಿಕೊಂಡಿತು. “ಬಂದ್ರು” ಎಂದು ಯಾರೋ ಪಿಸುಗುಟ್ಟಿದ್ದು ಹೊರಗೂ ಕೇಳಿಸಿತು.

ಬಣ್ಣದ ಕಾರ್ಖಾನೆಯಿಂದ ದುಡ್ಡೂ ಹೆಸರೂ ಮಾಡಿದ ಸಾಹುಕಾರರು ಈಗ ಅದನ್ನು ತಮ್ಮನಿಗೆ ಒಪ್ಪಿಸಿ, ಆಳುವ ಪಕ್ಷಕ್ಕೆ ದೇಣಿಗೆ ಎತ್ತುವ ಕೆಲಸಕ್ಕೆ ನಿಂತಿದ್ದರು. ಇಲ್ಲವೆಂದವರ ಪರವಾನಗಿ ಅರ್ಜಿ ಸರ್ಕಾರಿ ಕಚೇರಿಯ ಯಾವ ಮೂಲೆಯಲ್ಲಿ ಧೂಳು ತಿನ್ನುತ್ತದೆಂದು ಊರಿಗೆಲ್ಲ ಗೊತ್ತಿತ್ತು. ಸಾಹುಕಾರರಿಗೂ ಗೊತ್ತಿತ್ತು, ಗೊತ್ತಿಲ್ಲದವರಂತೆ ಇರುವುದನ್ನು ರೂಢಿ ಮಾಡಿಕೊಂಡಿದ್ದರು.

ಇವತ್ತು ಮಾತ್ರ ಕಾಲು ಹಿಂದೇಟು ಹಾಕುತ್ತಿತ್ತು. ಕಾರ್ಯದರ್ಶಿಯನ್ನು ಕರೆತಂದಿರಲಿಲ್ಲ. ಹೊಸ ಅಂಗಿಯ ಕಾಲರು ಕತ್ತು ಕೆರೆಯುತ್ತಿತ್ತು. ಇದು ಗಾಜಿನ ಕಾರ್ಖಾನೆ ನಡೆಸುವವನ ಮನೆ. ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳೆಯ.

“ಬನ್ನಿ, ಕೂತ್ಕೊಳ್ಳಿ,” ಎಂದ ಗೆಳೆಯ. ಏಕವಚನ ಯಾವಾಗ ಬಿಟ್ಟನೋ. “ಚುನಾವಣೆ ಮುಗೀತಲ್ಲ, ಈಗ ಬರ್ತೀರಿ ಅಂದ್ಕೊಂಡಿರ್ಲಿಲ್ಲ.”

“ಒಂದು ಮಾತು ಕೇಳೋಣ ಅಂತ ಬಂದೆ ಕಣೋ. ಹೇಗೆ ಶುರು ಮಾಡೋದೋ ಗೊತ್ತಾಗ್ತಿಲ್ಲ.”

ಗೆಳೆಯನ ಹೆಂಡತಿ ತಂದಿಟ್ಟ ಕಾಫಿ ತಟ್ಟೆಗೆ ತುಳುಕಿತು. ಮಗ ಬಂದು ಬಾಗಿಲ ಬಳಿ ನಿಂತ. ಸಾಹುಕಾರರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವನು ಏನೋ ಹೇಳಲು ಬಾಯಿ ತೆರೆದ. ತಾಯಿ ಕಣ್ಣಲ್ಲೇ ಗದರಿಸಿದಳು.

“ಕಾರ್ಖಾನೆ ಈಗ ಇವನೇ ನೋಡ್ಕೊಳ್ತಾನಾ?” ಎಂದು ಸಾಹುಕಾರರು ಕೇಳಿದರು.

“ಹೂಂ. ಇವನ ತಂಟೆಗೆ ಮಾತ್ರ…” ಗೆಳೆಯ ಮಾತು ನುಂಗಿಕೊಂಡು ನಕ್ಕ. “ಏನು ಬೇಕೋ ಕೇಳಿ. ನಿಮಗೆ ಇಲ್ಲ ಅನ್ನೋ ಧೈರ್ಯ ಈ ಮನೇಲಿ ಯಾರಿಗಿದೆ?”

ಸಾಹುಕಾರರು ಕಾಫಿಯನ್ನು ಪಕ್ಕಕ್ಕೆ ಸರಿಸಿದರು. ಏನೇ ಕೇಳಿದರೂ ಇವನು ಆಗಲಿ ಎನ್ನುತ್ತಾನೆ. ಅದರಲ್ಲಿ ಮನಸ್ಸೆಷ್ಟು, ಭಯವೆಷ್ಟು ಎಂದು ಈ ಜನ್ಮದಲ್ಲಿ ತಿಳಿಯುವಂತಿಲ್ಲ. ಇಂಥ ಒಪ್ಪಿಗೆಯನ್ನು ಇಷ್ಟು ವರ್ಷ ಗೌರವವೆಂದುಕೊಂಡು ಮನೆ ಮನೆಯಿಂದ ಹೊತ್ತು ತಂದಿದ್ದರು.

ಕಾಫಿ ಸರಿಸಿದ್ದನ್ನು ಗೆಳೆಯ ಬೇರೆಯೇ ಅರ್ಥ ಮಾಡಿಕೊಂಡ. ಒಳಗೆ ಹೋಗಿ ಒಂದು ಬಟ್ಟೆಯ ಚೀಲ ತಂದು ಮುಂದಿಟ್ಟ. “ಸದ್ಯಕ್ಕೆ ಇಷ್ಟು.”

“ಇದಕ್ಕಲ್ಲ ಕಣೋ ನಾನು ಬಂದಿದ್ದು.”

“ಸಾಲದಾ?” ಗೆಳೆಯನ ಮುಖ ಬಿಳುಚಿಕೊಂಡಿತು.

ಸಾಹುಕಾರರು ಚೀಲ ಮುಟ್ಟದೆ ಎದ್ದರು. ನೆಲ ನೋಡುತ್ತಲೇ ಅಂಗಳ ದಾಟಿದರು. ಬೆನ್ನ ಹಿಂದೆ ಗೆಳೆಯ ಬರಿಗಾಲಲ್ಲಿ ಓಡಿಬರುತ್ತಿದ್ದ. “ಬೇಜಾರು ಮಾಡ್ಕೋಬೇಡಿ. ಸಂಜೆ ಇನ್ನಷ್ಟು ಕಳಿಸ್ತೀನಿ.”

ಕಾರಿನ ಬಾಗಿಲು ಹಾಕಿಕೊಂಡ ಮೇಲೂ ಅವರಿಗೆ ತಲೆಯೆತ್ತಲಾಗಲಿಲ್ಲ.

ಸಾಹುಕಾರರ ಮನೆಯ ಬಾಗಿಲಲ್ಲೇ ಮಗಳು ಕಾಯುತ್ತಿದ್ದಳು. “ಏನಂದ್ರು ಅಪ್ಪಾ? ನಮ್ಮ ಮದುವೆಗೆ ಅವನ ಮನೇಲಿ ಒಪ್ಪಿದ್ರಾ?”