ಟವೆಲ್ಲಿನ ಕೆಳಗಿನ ಮಾತು

"ಬಾಯಿ ಮುಚ್ಕೊಂಡಿರೋ ಫೋನ್ ಇದ್ರ ತೋರಸವ್ವಾ," ಎಂದು ಶಂಕರೆಪ್ಪ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡ. ಸಿದ್ಧೇಶ್ವರ ಗುಡಿಯ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಸುಮಯ್ಯಾ ದಿನಕ್ಕೆ ನೂರು ತರಹದ ಗಿರಾಕಿಗಳನ್ನು ಕಾಣುವವಳು. ಇಂಥ ಬೇಡಿಕೆ ಮಾತ್ರ ಅವಳು ಈವರೆಗೆ ಕೇಳಿರಲಿಲ್ಲ.

"ಇವನ ಫೋನು ಸಂತಿ ತುಂಬ ಡಂಗುರ ಹೊಡೀತೈತಿ," ಎಂದ ಜೊತೆಗೆ ಬಂದಿದ್ದ ಬಬಲೇಶ್ವರದ ಅಮೋಘಸಿದ್ದ. "ನನ್ನ ಎತ್ತಿನ ರೇಟು ಊರಿಗೆಲ್ಲಾ ಹೇಳಿ ಕುಂತೈತಿ."

ಶಂಕರೆಪ್ಪ ದನದ ಸಂತೆಯ ದಲಾಲ. ನಲವತ್ತು ವರ್ಷದಿಂದ ಅವನ ವ್ಯವಹಾರವೆಲ್ಲ ಟವೆಲ್ಲಿನ ಕೆಳಗೆ. ಮಾರುವವನ ಬೆರಳು ಹಿಡಿದು ಬೆಲೆ ಕೇಳುತ್ತಿದ್ದ, ಕೊಳ್ಳುವವನ ಬೆರಳು ಒತ್ತಿ ಬೆಲೆ ಹೇಳುತ್ತಿದ್ದ. ಸುತ್ತ ಎಷ್ಟು ಮಂದಿ ನಿಂತರೂ ಒಬ್ಬನಿಗೂ ಸುಳಿವು ಸಿಕ್ಕಿದ್ದಿಲ್ಲ. ಅಂಥವನ ಮಾನ ಹೋದ ರವಿವಾರ ಒಂದೇ ಗಳಿಗೆಯಲ್ಲಿ ಮೂರಾಬಟ್ಟೆಯಾಯಿತು. ಅಮೋಘಸಿದ್ದ ತಾನು ಮನೆಯಲ್ಲೇ ಉಳಿದು, ಎತ್ತುಗಳನ್ನು ರಿಜ್ವಾನನ ಬಾಡಿಗೆ ಟೆಂಪೋದಲ್ಲಿ ಇವನ ಜೊತೆ ಸಂತೆಗೆ ಕಳಿಸಿದ್ದ. ಕೊನೆಯ ಬೆಲೆ ಎಷ್ಟೆಂದು ಕೇಳಲು ಶಂಕರೆಪ್ಪ ಫೋನ್ ಹಚ್ಚಿದರೆ ಕಿವಿಗೆ ಒಂದಕ್ಷರ ಕೇಳಲೊಲ್ಲದು. "ಜೋರಾಗಿ ಹೇಳೋ!" ಎಂದು ಇವನು ಒದರಿದ. ಪಾಪ, ಅವನು ಗಂಟಲು ಹರಿದುಹೋಗುವಂತೆ ಹೇಳಿದ. ಅಷ್ಟೂ ಮಾತು ಹೊರಬಿದ್ದದ್ದು ಟೆಂಪೋದ ಎರಡು ದೊಡ್ಡ ಸ್ಪೀಕರುಗಳಿಂದ! ಕೊಳ್ಳಲು ಬಂದಿದ್ದ ಟಿಕೋಟಾದವನು ನಗುತ್ತ ಅಷ್ಟಕ್ಕೇ ಗಟ್ಟಿಯಾಗಿ ನಿಂತುಬಿಟ್ಟ. ಹಟಕ್ಕೆ ಬಿದ್ದ ಅಮೋಘಸಿದ್ದ ಎತ್ತುಗಳನ್ನು ತಿರುಗಿ ತರಿಸಿಕೊಂಡು, ಇನ್ನು ಈ ದಲಾಲನ ಟವೆಲ್ಲಿನೊಳಗೆ ಕೈ ಹಾಕುವುದಿಲ್ಲ ಎಂದು ಆಣೆ ಮಾಡಿದ. ಹೊಸ ಫೋನು ಬಂದರೆ ವಿಚಾರ ಮಾಡುತ್ತೇನೆ ಎಂದು ಅವನ ಬಾಯಿಂದ ಹೇಳಿಸುವಷ್ಟರಲ್ಲಿ ಶಂಕರೆಪ್ಪನಿಗೆ ಸಾಕುಬೇಕಾಗಿತ್ತು. ನಾಳೆಯೇ ಮತ್ತೆ ಸಂತೆಯ ರವಿವಾರ.

ಸುಮಯ್ಯಾ ಎರಡು ಫೋನುಗಳನ್ನು ಮುಂದಿಟ್ಟಳು. ಶಂಕರೆಪ್ಪ ಒಂದೊಂದನ್ನೂ ತಿರುಗಿಸಿ, ಬೆನ್ನು ತಟ್ಟಿ ನೋಡಿದ. "ಇವುಕ್ಕ ಎಷ್ಟು ಹಲ್ಲವ್ವಾ?"

ಕೇಳಿದ್ದು ವಯಸ್ಸನ್ನು ಎಂದು ಅವಳಿಗೆ ತಿಳಿಯಿತು. "ಈ ಥಳಥಳ ಅನ್ನೋದಕ್ಕ ಕ್ಯಾಮೆರಾ ಭಾರಿ ಅದಾವ್ರಿ ಅಜ್ಜಾರ. ಆದ್ರ ಗಾಳ್ಯಾಗ ನುಸುಳಿ ಬರೋ ಕಳ್ಳರನ್ನ ತಡಿಯಾಕ ಕಂಪನಿಯವರು ಆಗಾಗ ಅಪ್‌ಡೇಟ್ ಅಂತ ರಿಪೇರಿ ಕಳಸ್ತಾರಲ್ಲಾ, ಇದಕ್ಕ ಅದು ಬರೋ ವರ್ಷ ಬಂದ್. ಈ ಸಾದಾದಕ್ಕ ಇನ್ನೂ ಐದು ವರ್ಷ ಬರತೈತಿ."

"ಅಂದ್ರ ಅದು ಕೋಡಿಗೆ ಬಣ್ಣಾ ಬಳದ ಮುದಿ ಎತ್ತು. ಈ ಎರಡು ಹಲ್ಲಿನ ಹೋರಿನ ಇರಲಿ."

ಬರೋಬ್ಬರಿ ಆರಿಸಿದೆನೆಂದು ಅವನು ಗೆಳೆಯನ ಕಡೆ ಮೀಸೆ ತಿರುವುತ್ತಿರುವಾಗ, ಸುಮಯ್ಯಾ ಹಳೆಯ ಫೋನು ತೆರೆದು ಕಿಸಕ್ಕನೆ ನಕ್ಕಳು. "ಅಜ್ಜಾರ, ಇದರ ಬ್ಲೂಟೂತಿಗೆ ಹದಿನೇಳು ಗೆಳ್ಯಾರು ಅದಾರ! ಟೆಂಪೋ, ಕಟಿಂಗ್ ಅಂಗಡಿ ಸ್ಪೀಕರು, ಯಾರದೋ ಮನಿ ಟಿವಿ... ದಾರ್‍ಯಾಗಿನ ಫುಕಟ ವೈಫೈಗಳೂ ಅದಾವು. ಇಷ್ಟೆಲ್ಲಾ ನೀವ ಜೋಡಿಸೀರೇನ್ರಿ?"

"ನಾ ಎಲ್ಲಿ ಜೋಡಿಸಿದ್ನೆವ್ವಾ? ಅದು ಕೇಳ್ತು, ನಾ ಹೂಂ ಅಂದೆ."

"ಕೇಳಿದ್ದಕ್ಕೆಲ್ಲಾ?"

"ಮತ್ತ! ದಲಾಲ ಒಲ್ಲೆ ಅಂದ್ರ ಯಾಪಾರ ಮುರೀತೈತಿ. ನಲವತ್ತು ವರ್ಷದಾಗ ಈ ಬಾಯಾಗ 'ಒಲ್ಲೆ' ಬಂದಿಲ್ಲ."

"ಹಂಗಾದ್ರ ಹೊಸಾದು ಒಯ್ದೂ ಉಪಯೋಗಿಲ್ಲ ಬಿಡ್ರಿ. ಫೋನು ಎಂಥಾದ ಇರಲಿ, ಬಾಗಿಲಾ ತೆಗಿಯೋ ಕೈ ನಿಮ್ಮದ ಐತಲ್ಲಾ."

ಶಂಕರೆಪ್ಪನ ಮೀಸೆ ಜೋತುಬಿದ್ದಿತು. ಅಮೋಘಸಿದ್ದ ಎದ್ದು ಚಪ್ಪಲಿ ಮೆಟ್ಟತೊಡಗಿದ. "ನಾ ಬ್ಯಾರೆ ದಲಾಲನ್ನ ನೋಡ್ತೇನಿ, ನಡೀ."

"ಒಂದ್ ಸ್ವಲ್ಪ ತಡೀರಿ," ಎಂದು ಸುಮಯ್ಯಾ ಹೊಸ ಫೋನನ್ನು ಶಂಕರೆಪ್ಪನ ಅಂಗೈಯಲ್ಲಿಟ್ಟು, ತನ್ನ ಫೋನಿನಲ್ಲಿ ಏನೋ ಒತ್ತಿದಳು. ಇವನ ಫೋನು ಮಿಣ್ಣಗೆ ಬೆಳಗಿತು. ಸುಮಯ್ಯಾಳ ಫೋನಿಗೆ ಜೋಡಿಸಬೇಕೇ ಎಂಬ ಪ್ರಶ್ನೆ, ಅದರ ಕೆಳಗೆ 'ಜೋಡಿಸಿ', 'ಬೇಡ' ಎಂಬ ಎರಡು ಗುಂಡಿ. ಅವನ ಹೆಬ್ಬೆರಳು ರೂಢಿಯಂತೆ ತಾನಾಗಿಯೇ 'ಜೋಡಿಸಿ'ಯ ಕಡೆ ಹೊರಟು ನಡುದಾರಿಯಲ್ಲಿ ನಿಂತಿತು. ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದರೂ ಹಣೆಯಲ್ಲಿ ಬೆವರು.

"ಕೂಸು ಇಷ್ಟು ಚಂದಾಗಿ ಕೇಳಾಕತ್ತೈತಿ, ಹೆಂಗ ಒಲ್ಲೆ ಅನ್ಲೋ?"

"ಅನ್ರಿ ಅಜ್ಜಾರ. ನನಗೇನು ಸಿಟ್ಟು ಬರೂದಿಲ್ಲ."

ಅವನು ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಒತ್ತಿಯೇಬಿಟ್ಟ. "ಒಲ್ಲೆ!" ಎಂದು ಕೂಗಿದ ಭರಕ್ಕೆ ಪಕ್ಕದ ಬಳೆ ಅಂಗಡಿಯ ಹೆಂಗಸರು ತಿರುಗಿ ನೋಡಿದರು. ಪರದೆ ಖಾಲಿಯಾಯಿತು. ಯಾವ ವ್ಯಾಪಾರವೂ ಮುರಿಯಲಿಲ್ಲ. ಹುಡುಗಿ ನಗುತ್ತಲೇ ಇದ್ದಳು. ಅದನ್ನು ನೋಡಿ ಶಂಕರೆಪ್ಪನಿಗೆ ಎಂಥ ಖುಷಿಯೆಂದರೆ, "ಇನ್ನೊಮ್ಮೆ ಕಳಸವ್ವಾ!" ಎಂದ. ಮತ್ತೆ ಬಂತು, ಮತ್ತೆ ಬೇಡ. "ಇನ್ನೊಮ್ಮೆ!" ಮೂರನೆಯ ಸಲ ಅವನು ಫೋನಿನ ಕಡೆ ಸರಿಯಾಗಿ ನೋಡಲೂ ಇಲ್ಲ, ನೊಣ ಹೊಡೆದಂತೆ ಹೊಡೆದ.

"ಅಬ್ಬಾ ಭಾಡ್ಯಾ! ಅಂದ ಬಿಟ್ಟ್ಯಲ್ಲೋ!" ಅಮೋಘಸಿದ್ದ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಚಪ್ಪಲಿ ಬಿಟ್ಟು ಬಂದು ಕುಳಿತ. ಕಣ್ಣೊರೆಸಿಕೊಂಡು, ಗೆಳೆಯನ ಹೆಗಲಿನ ಟವೆಲ್ಲನ್ನು ತಾನೇ ಎಳೆದು ಗಾಜಿನ ಮೇಜಿನ ಮೇಲೆ ಹರಡಿ, ಅದರ ಕೆಳಗೆ ಕೈ ತೂರಿಸಿದ. ಶಂಕರೆಪ್ಪ ಉಸಿರು ಬಿಗಿಹಿಡಿದು ತನ್ನ ಕೈಯನ್ನೂ ಸೇರಿಸಿದ. ಟವೆಲ್ಲು ಸಣ್ಣಗೆ ಅಲುಗಾಡಿತು. ಇಬ್ಬರೂ ಏನೂ ಅರಿಯದವರಂತೆ ಫ್ಯಾನಿನ ಕಡೆ ನೋಡುತ್ತ ಕುಳಿತರು.

ಸುಮಯ್ಯಾಳಿಗೆ ತಡೆಯಲಾಗಲಿಲ್ಲ. ಮೇಜಿನ ಮೇಲೆ ಬಾಗಿ ಕೇಳಿಯೇಬಿಟ್ಟಳು, "ಎತ್ತಿಗೆ ಎಷ್ಟು ಹೇಳಿದ್ರಿ ಅಜ್ಜಾರ?"

ಶಂಕರೆಪ್ಪ ಟವೆಲ್ಲಿನ ಹೊರಗಿದ್ದ ಕೈಯನ್ನು ಅವಳ ಮುಖದ ಮುಂದೆ ಎತ್ತಿ, ಹೆಬ್ಬೆರಳಿನಿಂದ ಬರಿಯ ಗಾಳಿಯಲ್ಲೇ 'ಬೇಡ' ಒತ್ತಿದ.