ಕಸ್ತೂರಕ್ಕ ಬದಲಿಸಿದ ಮೀನುಗಳು

ಓದಿ ಕಣ್ಣು ತುಂಬಿ ಬಂದರೆ ನನ್ನನ್ನು ಬೈಯಬೇಡಿ... ಇದರಲ್ಲಿ ತಪ್ಪು ಮಾಡಿದವನು ನಾನೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಗದಗಿನಲ್ಲಿ ನನ್ನದೊಂದು ಸಣ್ಣ ಅಕ್ವೇರಿಯಂ ಅಂಗಡಿ. ಬಾಯಿ ಸ್ವಲ್ಪ ಜೋರು ಎಂದು ಗಿರಾಕಿಗಳು ಹೇಳುತ್ತಾರೆ. ಸುಳ್ಳೇನಲ್ಲ.

ಮಹಾನವಮಿಗೆ ಎರಡೇ ದಿನ ಇತ್ತು. ಖಂಡೇಪೂಜೆಗೆಂದು, ಅಂದರೆ ಆಯುಧಪೂಜೆಗೆಂದು, ಎಲ್ಲರ ಮನೆಯಲ್ಲೂ ತೊಳೆಯುವ, ತಿಕ್ಕುವ ಗದ್ದಲ... ನನ್ನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಆಗ ಕಸ್ತೂರಕ್ಕ ಎಂಬ ಹೆಣ್ಣುಮಗಳು ಬಂದರು. ಅವರ ಮನೆಯ ಟ್ಯಾಂಕಿನಲ್ಲಿ ಐದು ಗೋಲ್ಡ್ ಫಿಶ್. ಹಳೆಯ ಫಿಲ್ಟರ್ ಬಹಳ ಸದ್ದು ಮಾಡುತ್ತದೆ, ಹೊಸದು ಕೊಡಿ ಎಂದರು. ಕೊಟ್ಟೆ.

"ಹಳೇದನ್ನ ಏನ್ ಮಾಡ್ಲಿ ಅಣ್ಣಾರ?"

"ಪೂಜಾಕ್ಕ ಇಡ್ತೀರೇನ್ರಿ? ತಿಪ್ಪಿಗೆ ಒಗೀರಿ ಅತ್ಲಾಗ!"

ಅಷ್ಟೇ... ಮುಂದಿನ ಗಿರಾಕಿಯ ಕಡೆ ತಿರುಗಿದೆ.

ವಾರದ ನಂತರ ಕಸ್ತೂರಕ್ಕ ಮತ್ತೆ ಬಂದರು. ಒಂದು ಗೋಲ್ಡ್ ಫಿಶ್ ಬೇಕಂತೆ. ಮೊಬೈಲಿನಲ್ಲಿ ಫೋಟೋ ತೋರಿಸಿ, ಇಷ್ಟೇ ಉದ್ದ, ಬಾಲ ಇಷ್ಟೇ ಅಗಲ ಇರಬೇಕು ಎಂದರು.

ಎರಡು ದಿನ ಬಿಟ್ಟು ಇನ್ನೊಂದು... ಮತ್ತೆರಡು ದಿನಕ್ಕೆ ಮತ್ತೊಂದು...

ಪ್ರತಿ ಸಲವೂ ಫೋಟೋ ಹಿಡಿದು ಅರ್ಧ ಗಂಟೆ ಹುಡುಕುವುದು. ನಾನು ಸುಮ್ಮನಿರುವವನೇ?

"ಏನ್ರೀ ಅಕ್ಕಾರ, ಕನ್ಯಾ ನೋಡಾಕ ಬಂದಂಗ ನೋಡಾಕತ್ತೀರಲ್ಲ!"

ಅವರು ನಗಲಿಲ್ಲ.

ನಾಲ್ಕನೇ ಸಲ ಬಂದು ಒಟ್ಟಿಗೇ ಎರಡು ಕೇಳಿದರು. ನನಗೆ ರೇಗಿತು.

"ನಾ ಕೊಡಂಗಿಲ್ರಿ! ಏನ್ ಹಾಕಿ ಕೊಲ್ಲಾಕತ್ತೀರಿ ಅವನ್ನ?"

ಆ ತಾಯಿ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತರು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು... ಇದ್ದ ಗಿರಾಕಿಗಳೆಲ್ಲ ನನ್ನ ಮುಖವನ್ನೇ ನೋಡತೊಡಗಿದರು.

"ನಮ್ಮನಿಯವರು ಹತ್ತು ತಿಂಗಳಾತು ಹಾಸಿಗಿ ಹಿಡದ್ರಿ. ಸೊಂಟದ ಕೆಳಗ ಸ್ವಾಧೀನ ಇಲ್ಲ. ಮಾತೂ ಕಮ್ಮಿ. ಇಡೀ ದಿನಾ ಆ ಮೀನ ನೋಡ್ಕೋತ ಇರ್ತಾರ... ಅವು ಸತ್ತಾವಂತ ತಿಳದ್ರ ಅವರೂ ಜೀವ ಬಿಡ್ತಾರ್ರಿ ಅಣ್ಣಾರ. ಅದಕ್ಕ, ಮಧ್ಯಾಹ್ನ ಅವರು ಮಲಗಿದಾಗ ಸತ್ತದ್ದು ತಗದು ಹೊಸಾದು ಬಿಡ್ತೀನಿ."

ಹಬ್ಬದ ಗದ್ದಲದಲ್ಲಿ ನಾನಾಡಿದ ಮಾತು ನೆನಪಾಯಿತು.

"ಹಳೇ ಫಿಲ್ಟರ್ ಎಲ್ಲೈತ್ರಿ?"

"ನೀವ ಹೇಳಿದ್ರೆಲ್ರಿ... ಹಬ್ಬದ ಹಿಂದಿನ ದಿನ ತಿಪ್ಪಿಗೆ ಒಗದು ಬಂದೆ."

ಗೆಳೆಯರೇ, ಹಳೆಯ ಫಿಲ್ಟರಿನ ಸ್ಪಂಜಿನಲ್ಲಿ ಕಪ್ಪು ಲೋಳೆ ಇರುತ್ತದೆ. ನೋಡಿದರೆ ಬರೀ ಹೊಲಸು. ಆದರೆ ಮೀನಿನ ಹೇಲು, ಉಚ್ಚೆಯಿಂದ ನೀರಿಗೆ ಸೇರುವ ವಿಷವನ್ನು ತಿಂದು ಹಾಕುವ ಸೂಕ್ಷ್ಮ ಜೀವಿಗಳು ಬದುಕುವುದು ಅದರಲ್ಲೇ.

ಹೊಸ ಫಿಲ್ಟರಿನಲ್ಲಿ ಅವು ಬೆಳೆಯಲು ಒಂದು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಹಳೆಯದನ್ನೂ ಜೊತೆಗೇ ಓಡಿಸಬೇಕು. ಈ ಮಾತು ನನಗೆ ಗೊತ್ತಿತ್ತು... ಹೇಳಲು ಪುರಸೊತ್ತು ಇರಲಿಲ್ಲ, ಅಷ್ಟೇ.

ಇನ್ನೊಂದು ಮಾತು ಹೇಳಲು ನಾಲಿಗೆ ಏಳಲಿಲ್ಲ. ಅಂಥ ನೀರಿಗೆ ಮೇಲಿಂದ ಮೇಲೆ ಹೊಸ ಮೀನು ಬಿಟ್ಟರೆ ವಿಷ ಇನ್ನೂ ಬೇಗ ಏರುತ್ತದೆ. ಪಾಪ, ಗಂಡನನ್ನು ಉಳಿಸಿಕೊಳ್ಳಲು ಆಕೆ ಬಿಟ್ಟ ಒಂದೊಂದು ಮೀನೂ ಉಳಿದವುಗಳ ಜೀವ ತೆಗೆಯುತ್ತಿತ್ತು.

"ತಪ್ಪು ನಂದರಿ ಅಕ್ಕಾರ," ಎಂದೆ. ನನ್ನ ಟ್ಯಾಂಕಿನದೇ ಒಂದು ಕೊಳಕು ಸ್ಪಂಜು ತೆಗೆದುಕೊಂಡು, ಅಂಗಡಿ ಬಾಗಿಲು ಹಾಕಿ ಅವರ ಜೊತೆ ಹೊರಟೆ.

ಒಂದೇ ಕೋಣೆ, ಹಿಂದೆ ಸಣ್ಣ ಅಡಿಗೆಮನೆ. ಮಂಚದ ಮೇಲೆ ಆಕೆಯ ಗಂಡ ಫಕೀರಪ್ಪ. ಗೋಡೆಗೆ ಬಣ್ಣ ಹಚ್ಚುವ ಕೆಲಸ ಮಾಡುತ್ತಿದ್ದವರು, ಮೂರನೇ ಮಹಡಿಯಿಂದ ಬಿದ್ದಿದ್ದರಂತೆ. ಎದುರಿಗೆ ಟ್ಯಾಂಕು... ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಒಂದು ಮಗ್ಗುಲಾಗಿ ತೇಲುತ್ತಿತ್ತು.

ನಾನು ಸ್ಪಂಜನ್ನು ನೀರಿಗೆ ಇಳಿಸುತ್ತಿದ್ದೆ. ಫಕೀರಪ್ಪ ಮೆಲ್ಲಗೆ ಕೇಳಿದರು...

"ಮತ್ತ ಹೊಸಾ ಮೀನು ತಂದೀರೇನ್ರಿ?"

ಕಸ್ತೂರಕ್ಕನ ಕೈಯಲ್ಲಿದ್ದ ನೀರಿನ ಚೊಂಬು ಕೆಳಗೆ ಬಿತ್ತು.

"ಇಪ್ಪತ್ತು ವರ್ಷ ಬಣ್ಣ ಕಲಸೀನಿ ಕಸ್ತೂರಿ. ಕೇಸರಿ ಒಳಗ ಒಂದ್ ಹನಿ ಹಳದಿ ಹೆಚ್ಚಾದ್ರೂ ನನಗ ತಿಳೀತೈತಿ. ಮೊದಲನೇದು ಬದಲಾದ ದಿನಾನ ಗೊತ್ತಾತು."

"ಮತ್ಯಾಕ ಹೇಳಲಿಲ್ರೀ...?"

"ನೀ ಅಷ್ಟು ಕಷ್ಟಪಟ್ಟು ಮುಚ್ಚಿಡಾಕತ್ತಿದ್ದಿ. ನಿನ್ನ ಮನಸ್ಸು ಯಾಕ ಮುರೀಬೇಕು ಅಂತ ಸುಮ್ನಿದ್ದೆ."

ಹೆಂಡತಿಯನ್ನು ಹತ್ತಿರ ಕರೆದು ಮತ್ತೆ ಹೇಳಿದರು.

"ಡಾಕ್ಟರ್ ನಿನಗ ಹೊರಗ ಕರದು ಹೇಳಿದ್ದೂ ಗೊತ್ತೈತಿ. ನಾ ಇನ್ನ ಏಳಂಗಿಲ್ಲ. ದೀಪಾವಳಿಗೆ ಎದ್ದು ಅಡ್ಡಾಡ್ತೀರಿ ಅಂತ ನೀ ಅಂತಿ... ನಾನೂ ಹೂಂ ಅಂತೀನಿ. ಸಾಕು. ಅಳೂದಿದ್ರ ಇನ್ನ ಇಲ್ಲೇ ಅಳು. ಅಡಿಗಿಮನಿಗೆ ಹೋಗಬ್ಯಾಡ."

ಕಸ್ತೂರಕ್ಕ ಗಂಡನ ಎದೆಯ ಮೇಲೆ ತಲೆಯಿಟ್ಟು ಗೋಳೋ ಎಂದು ಅತ್ತರು. ಫಕೀರಪ್ಪನವರೂ ಅತ್ತರು. ಬಾಯಿ ಜೋರಿನ ನಾನು ಟ್ಯಾಂಕಿನ ಕಡೆ ಮುಖ ಮಾಡಿ ನಿಂತುಕೊಂಡೆ...

ದಿನಾ ಸ್ವಲ್ಪ ಸ್ವಲ್ಪ ನೀರು ಬದಲಿಸಿ, ಆಹಾರ ಕಮ್ಮಿ ಹಾಕಿ, ಹೊಸ ಮೀನು ಬೇಡವೇ ಬೇಡ ಎಂದು ಹೇಳಿ ಬಂದೆ. ಆದರೂ ಉಳಿದಿದ್ದ ಮೂರು ಮೀನುಗಳಲ್ಲಿ ಎರಡು ಸತ್ತವು. ಪವಾಡವೇನೂ ನಡೆಯಲಿಲ್ಲ.

ದೀಪಾವಳಿ ಬಂದು ಹೋಯಿತು. ಫಕೀರಪ್ಪ ಏಳಲಿಲ್ಲ. ಏಳುವುದೂ ಇಲ್ಲ.

ಮೊನ್ನೆ ಹೋಗಿದ್ದೆ. ಅಷ್ಟು ದೊಡ್ಡ ಟ್ಯಾಂಕಿನಲ್ಲಿ ರೆಕ್ಕೆ ಹರಿದ ಒಂದೇ ಒಂದು ಮೀನು. ಕಸ್ತೂರಕ್ಕ ಚಹಾ ಕೊಡುತ್ತಾ ಹೇಳಿದರು...

"ನಿನ್ನೆ ಇಬ್ರೂ ಕೂಡಿ ಭಾಳ ಹೊತ್ತು ಅತ್ವಿರಿ ಅಣ್ಣಾರ. ಆಮ್ಯಾಲ ಇಬ್ರೂ ಕೂಡಿ ಹೊಟ್ಟಿ ತುಂಬ ಉಂಡ್ವಿ."

*ನೋವನ್ನು ಮುಚ್ಚಿಟ್ಟು ಯಾರನ್ನೂ ಉಳಿಸಲಾಗುವುದಿಲ್ಲ... ಹಂಚಿಕೊಂಡರೆ, ಕೊನೆಯವರೆಗೂ ಜೊತೆಗಾದರೂ ಇರಬಹುದು.*

ನಿಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿ ಬಿಡದ ಮಾತು ಯಾವುದು? ಇವತ್ತು ಯಾರ ಪಕ್ಕ ಕೂತು ಅದನ್ನು ಆಡುತ್ತೀರಿ?